ಹರಾಜಿನ ಚೀಟಿ ಅಂಟುವ ಮೊದಲು
(ಕಾಮಾಕ್ಷಿಪಾಳ್ಯದಲ್ಲಿ ಮಾಡಿದ ಭಾಷಣ)



ಕಾಮಾಕ್ಷಿಪಾಳ್ಯದಿಂದ ಪೀಣ್ಯದವರೆಗೆ ಲೇತಿನ ಸದ್ದು ಕೇಳದ ಬೀದಿ ಕಡಿಮೆ. ಯಂತ್ರ ಕೊಳ್ಳಲು ಸಾಲ ಬೇಕಾದಾಗ ನಮ್ಮ ಸಣ್ಣ ಕಾರ್ಖಾನೆದಾರನು ಆಧಾರವಾಗಿ ಒಡ್ಡುವುದು ಏನನ್ನು? ಬಸವೇಶ್ವರನಗರದಲ್ಲೋ ಕೆಂಗೇರಿಯಲ್ಲೋ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿಸಿದ ಮನೆಯನ್ನು. ವ್ಯಾಪಾರ ಮುರಿದರೆ ಕಾರ್ಖಾನೆಯ ಜೊತೆಗೆ ಹೆಂಡತಿ ಮಕ್ಕಳ ಸೂರೂ ಹೋಗುತ್ತದೆ.

ಆಗ ಆತ ಓಡುವುದು ವಕೀಲರಲ್ಲಿಗೆ. ಯಾವ ವಕೀಲರು? ಸಾಲ ಪಡೆಯುವಾಗ ಕ್ರಯಪತ್ರ, ಖಾತೆ, ಋಣಭಾರ ಪತ್ರ ನೋಡಿ ಅಭಿಪ್ರಾಯ ಬರೆದವರು. ಅವರ ಫೀಜನ್ನು ಬಹುಮಟ್ಟಿಗೆ ತೆತ್ತವನು ಸಾಲಗಾರನೇ. ಆದರೂ ಅವರು ಬ್ಯಾಂಕಿನ ವಕೀಲರು. ಇದು ಅವರ ದೋಷವೆಂದು ನಾವು ಹೇಳುವುದಿಲ್ಲ. ಒಂದು ವ್ಯಾಜ್ಯದಲ್ಲಿ ಒಬ್ಬ ವಕೀಲ ಎರಡು ಕಕ್ಷಿಗಳಿಗೂ ನಿಲ್ಲಲಾಗದು. ನಮಗೆ ನಮ್ಮದೇ ವಕೀಲರು ಬೇಕು, ಅದೂ ಮೊದಲ ದಿನವೇ ಬೇಕು.

ಏಕೆ ಮೊದಲ ದಿನವೇ? ಹಿಂದೆ ಅಡಮಾನದ ಮನೆ ಮಾರಲು ಸಾಲ ಕೊಟ್ಟವನು ಸಾಮಾನ್ಯವಾಗಿ ನ್ಯಾಯಾಲಯದ ಡಿಕ್ರಿ ತರಬೇಕಿತ್ತು. 2002ರ ಸರ್ಫೇಸಿ ಕಾಯಿದೆಯಿಂದ ಬ್ಯಾಂಕು ಡಿಕ್ರಿಯಿಲ್ಲದೆಯೇ ಸ್ವಾಧೀನಪಡಿಸಿಕೊಂಡು ಹರಾಜು ಹಾಕಬಹುದು. ಸಾಲಗಾರನು ದೂರು ಕೊಡಬೇಕಾದರೆ ಬಾಕಿಯ ನೂರಕ್ಕೆ 75 ಪಾಲು ಮೊದಲು ಠೇವಣಿ ಇಡಬೇಕೆಂದೂ ಆ ಕಾಯಿದೆಯಲ್ಲಿತ್ತು! ಹಣವಿದ್ದಿದ್ದರೆ ಆತ ನ್ಯಾಯ ಬೇಡಲು ಏಕೆ ಬರುತ್ತಿದ್ದ? 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದರೂ ಈ ಷರತ್ತನ್ನು ತೊಡೆದುಹಾಕಿತು.

ಉಳಿದಿರುವ ಹಕ್ಕುಗಳಿಗೆಲ್ಲ ಗಡುವುಂಟು. ಮೊದಲ ನೋಟೀಸಿಗೆ 60 ದಿನ. ಅದರೊಳಗೆ ಬರಹದಲ್ಲಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕು ಒಪ್ಪದಿರುವುದಕ್ಕೆ ಕಾರಣಗಳನ್ನು 15 ದಿನಗಳಲ್ಲಿ ತಿಳಿಸಲೇಬೇಕು. ಸ್ವಾಧೀನದ ಕ್ರಮವಾದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು; ಸಿವಿಲ್ ಕೋರ್ಟಿನ ಬಾಗಿಲು ಸಾಮಾನ್ಯವಾಗಿ ಮುಚ್ಚಿದೆ. 2016ರ ತಿದ್ದುಪಡಿಯ ನಂತರ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕೂ ಹರಾಜಿನ ಪ್ರಕಟಣೆಗೆ ಮೊದಲೇ ಮುಗಿಯುತ್ತದೆ. ನಾಚಿಕೆಯಿಂದ ನೋಟೀಸನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟರೆ ದಿನಗಳು ನಿಲ್ಲುವುದಿಲ್ಲ.

ವಕೀಲರಿಗೆ ಹಣವೆಲ್ಲಿ ಎನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಕೈಗಾರಿಕಾ ಕಾರ್ಮಿಕರಿಗೆ ವರಮಾನದ ಮಿತಿಯಿಲ್ಲದೆ ಉಚಿತ ನೆರವು ಕೇಳುವ ಹಕ್ಕಿದೆ. ಮನೆಯ ಪತ್ರ ತಾಯಂದಿರ ಹೆಸರಿನಲ್ಲಿದ್ದರೆ ಅವರು ತಾವೇ ಹೋಗಿ ಕೇಳಲಿ. ಅದು ಭಿಕ್ಷೆಯಲ್ಲ.

ಕೊನೆಯದಾಗಿ ಒಂದು ಬೇಡಿಕೆ. ಸ್ವಾಧೀನದ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಪ್ರಾದೇಶಿಕ ಭಾಷೆಯದರಲ್ಲಿ, ಪ್ರಕಟಿಸಬೇಕೆಂದು ನಿಯಮವಿದೆ. ಎಂದರೆ ಮನೆ ಹೋಯಿತೆಂದು ಊರಿಗೆ ಸಾರುವಾಗ ಕನ್ನಡ ಬೇಕು. ಮನೆ ಉಳಿಸಿಕೊಳ್ಳಲು ಕಾಲವಿರುವಾಗ ಬರುವ ಮೊದಲ ನೋಟೀಸು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ! ಆ ಮೊದಲ ನೋಟೀಸೂ ಕನ್ನಡದಲ್ಲಿ ಬರಲಿ, ಅದರಲ್ಲೇ ಗಡುವುಗಳೂ ಉಚಿತ ನೆರವಿನ ವಿಳಾಸವೂ ಇರಲಿ. ಇದನ್ನು ಬೀದಿ ಬೀದಿಯಿಂದ ಸಹಿ ಹಾಕಿ ಕೇಳೋಣ. ಅಲ್ಲಿಯವರೆಗೆ, ಓದಲು ಬಾರದ ಕಾಗದ ನೆರೆಮನೆಗೆ ಬಂದರೆ ಓದಿ ಹೇಳುವ ಹೊಣೆ ನಮ್ಮೆಲ್ಲರದು.