ದ್ವೀಪದಲ್ಲಿ ಅರ್ಧ ಗಂಟೆ

ಕನ್ನಡ ಪಂಡಿತನಿಗೆ ಸಮುದ್ರ ಹೊಸದೇನಲ್ಲ. ಮಹಾಕಾವ್ಯಕ್ಕೆ ಬೇಕೆಂದು ಹಿರಿಯರು ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರ ವರ್ಣನೆಯೂ ಒಂದು. ಅದನ್ನು ಇಪ್ಪತ್ತೆಂಟು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಆದರೆ ನಾನು ಚಾಮರಾಜನಗರದವನು. ಪಾಠ ಹೇಳುವುದು ಗುಂಡ್ಲುಪೇಟೆಯಲ್ಲಿ. ನಮ್ಮ ಕಣ್ಣಿಗೆ ದೊಡ್ಡ ಜಲರಾಶಿಯೆಂದರೆ ಕೆರೆ. ಅದೂ ತುಂಬಿದ ವರ್ಷ ಮಾತ್ರ. ದೋಣಿಯಲ್ಲಿ ಕುಳಿತು ಕಡಲನ್ನು ಕಂಡದ್ದು ತಲೆ ನರೆತ ಮೇಲೆಯೇ. ಆ ಒಂದು ದಿನದ ಮಾತನ್ನು ತಮ್ಮ ಮುಂದಿಡುತ್ತೇನೆ.

ದಸರಾ ರಜೆಯಲ್ಲಿ ಮೂವತ್ತೆಂಟು ಮಕ್ಕಳನ್ನು ಕರೆದುಕೊಂಡು ಉಡುಪಿಯ ಬಳಿಯ ಮಲ್ಪೆಗೆ ಹೋಗಿದ್ದೆವು. ಅಲ್ಲಿಂದ ಆರೇಳು ಕಿಲೋಮೀಟರು ದೂರ ಕಡಲೊಳಗೆ ಸೇಂಟ್ ಮೇರೀಸ್ ದ್ವೀಪಗಳಿವೆ. ಅಲ್ಲಿ ಜನವಸತಿ ಇಲ್ಲ. ಜನ ನೋಡಲು ಹೋಗುವುದು ಹೆಚ್ಚಾಗಿ ತೆಂಗಿನ ದ್ವೀಪಕ್ಕೆ. ಮಳೆಗಾಲದಲ್ಲಿ ದೋಣಿಗಳು ಅತ್ತ ಹೋಗುವುದಿಲ್ಲ. ನಾವು ಹೋದದ್ದು ಅಕ್ಟೋಬರಿನಲ್ಲಿ. ಮಳೆ ಹೋಯಿತೆಂದು ಹೇಳುವಂತಿಲ್ಲ, ಇದೆಯೆಂದೂ ಹೇಳುವಂತಿಲ್ಲ ಎಂಬ ಕಾಲ. ಆದರೂ ಆ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ದ್ವೀಪದಲ್ಲಿ ಒಂದು ಗಂಟೆ ಇರಬಹುದೆಂದು ದೋಣಿಯ ಯಜಮಾನ ಒಪ್ಪಿದ್ದ.

ದ್ವೀಪಕ್ಕಿಳಿದರೆ ಎಲ್ಲೆಲ್ಲಿಯೂ ಕಲ್ಲಿನ ಕಂಬಗಳು. ಐದು ಮೂಲೆ, ಆರು ಮೂಲೆ. ಶಿಲ್ಪಿ ಅಳೆದು ಕಡಿದು ಜೋಡಿಸಿದಂತೆ ನಿಂತಿವೆ. ಇದೇನೆಂದು ನಾನು ವಿವರಿಸುವ ಮೊದಲೇ ಹಳ್ಳಿಯ ಹುಡುಗನೊಬ್ಬ, “ಸಾ, ನಮ್ಮೂರ ಕೆರೆ ಬತ್ತಿದಾಗ ಮಣ್ಣು ಹಿಂಗೇ ಸೀಳ್ತದೆ” ಎಂದ. ಅವನ ಮಾತು ನಿಜವೇ. ಕೆರೆಯ ಮಣ್ಣಿನಿಂದ ನೀರು ಹೋದಾಗ ಅದು ಕುಗ್ಗಿ ಬಿರಿಯುತ್ತದೆ. ಭೂಗರ್ಭದಿಂದ ಉಕ್ಕಿದ ಶಿಲಾದ್ರವದಿಂದ ಕಾವು ಹೋದಾಗ ಅದೂ ಕುಗ್ಗಿ ಬಿರಿಯುತ್ತದೆ. ಈ ಕಲ್ಲು ಹುಟ್ಟಿ ಎಂಟು ಕೋಟಿ ವರ್ಷಗಳ ಮೇಲಾಯಿತು, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ್ದು ಇದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ಚರಿತ್ರೆಗೆ ತೊಡಗಿದೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಸಂತ ಮೇರಿಯ ಹೆಸರಿಟ್ಟನೆಂದು ಪ್ರತೀತಿ. ಆಫ್ರಿಕದ ಮಾಲಿಂದಿಯಿಂದ ಕಲ್ಲೀಕೋಟೆಯತ್ತ ಬರುವಾಗ ಮುಂಗಾರಿನ ಗಾಳಿ ಬೆನ್ನಿಗಿತ್ತು. ಒಂದು ತಿಂಗಳೊಳಗೆ ಕಡಲು ದಾಟಿದ. ಹಿಂದಿರುಗುವಾಗ ಗಾಳಿಯ ಕಾಲ ಕೂಡಿಬರುವ ಮೊದಲೇ, ಅಕ್ಟೋಬರಿನ ಆರಂಭದಲ್ಲಿ, ಕಾರವಾರದ ಬಳಿಯ ಅಂಜದೀವ್ ದ್ವೀಪದಿಂದ ಹೊರಟ. ಅದೇ ಕಡಲನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ದಾರಿಯಲ್ಲಿ ಅವನ ಜನ ರೋಗದಿಂದ ಸತ್ತರು. “ನೋಡಿ ಮಕ್ಕಳೇ, ಗಾಳಿಯನ್ನು ಕೇಳದೆ ಹೊರಟವನ ಪಾಡು!” ಎಂದು ನಾನು ಮುಗಿಸುತ್ತಿದ್ದಾಗ ದೋಣಿಯ ಯಜಮಾನ ಬಂದು ನಿಂತ.

“ಮಾಷ್ಟ್ರೇ, ಮಕ್ಕಳನ್ನು ಕರೆಯಿರಿ. ಹೊರಡುವ.”

ಇಳಿದು ಅರ್ಧ ಗಂಟೆಯಷ್ಟೇ ಆಗಿತ್ತು. ಬಿಸಿಲು ಹಾಗೆಯೇ ಇತ್ತು. ಅರಿಸಿನ ಮಾರಿದ ಹಣದಲ್ಲಿ ಮಗನನ್ನು ಕಳುಹಿಸಿದ ತಂದೆಯರು ನನ್ನ ಕಣ್ಣ ಮುಂದೆ ಬಂದರು. “ಮಾತಾಡಿದ ಹಣಕ್ಕೆ ಇನ್ನೂ ಅರ್ಧ ಗಂಟೆ ಬಾಕಿ ಇದೆಯಲ್ಲ” ಎಂದೆ. ಆತ ಪಡುವಣ ದಿಕ್ಕಿಗೆ ಕೈ ತೋರಿಸಿ, “ಹಣದ ಲೆಕ್ಕ ದಡದಲ್ಲಿ ಮಾಡುವ” ಎಂದ. ಅತ್ತ ನೋಡಿದೆ. ನೀರು ಮುಗಿಯುವಲ್ಲಿ ಕಾಡಿಗೆಯಂಥ ಒಂದು ಗೆರೆ. ಗಾಳಿಯ ಮಾತನ್ನೇ ಹೇಳುತ್ತಿದ್ದ ನಾನು ಗಾಳಿ ತಿರುಗಿದ್ದನ್ನು ಗಮನಿಸಿರಲಿಲ್ಲ.

ಮಕ್ಕಳನ್ನು ಎಣಿಸಿದೆ. ಮೂವತ್ತೇಳು. ಮತ್ತೆ ಎಣಿಸಿದೆ. ಮೂವತ್ತೇಳೇ. ಆ ಕ್ಷಣ ನನ್ನ ಕಾಲಿನಲ್ಲಿ ಬಲವಿರಲಿಲ್ಲ. ಇಂಥ ದಡಗಳಲ್ಲಿ ಬಂಡೆಯಿಂದ ಜಾರಿ ನೀರುಪಾಲಾದ ವಿದ್ಯಾರ್ಥಿಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವಲ್ಲವೆ? ದೋಣಿಯ ಹುಡುಗ ಬಂಡೆಗಳ ಮೇಲೆ ಓಡಿದ. ಕಂಬಗಳ ಮರೆಯಲ್ಲಿ ಕುಳಿತು ತಂಗಿಗಾಗಿ ಕಪ್ಪೆಚಿಪ್ಪು ಆರಿಸುತ್ತಿದ್ದವನನ್ನು ಕೈಹಿಡಿದು ಕರೆತಂದ. ಕೆರೆಯ ಬಿರುಕನ್ನು ನೆನೆದಿದ್ದ ಹುಡುಗನೇ ಅವನು. ಬೈಯಲು ನನಗೆ ಬಾಯಿ ಬರಲಿಲ್ಲ.

ಅರ್ಧ ದಾರಿಯಲ್ಲಿ ಮಳೆ ಬಂದೇ ಬಂದಿತು. ದಡವೂ ಕಾಣದು, ದ್ವೀಪವೂ ಕಾಣದು. ದೋಣಿ ಏರಿದಾಗ ಹೊಟ್ಟೆ ಇಳಿಯುತ್ತಿತ್ತು. ಬರುವಾಗ ಹಾಡಿದ ಮಕ್ಕಳು ಒಬ್ಬರನ್ನೊಬ್ಬರು ಹಿಡಿದು ಸುಮ್ಮನೆ ಕುಳಿತಿದ್ದರು. ನನಗೆ ಸಮುದ್ರ ವರ್ಣನೆಯ ಒಂದು ಪದ್ಯವೂ ನೆನಪಾಗಲಿಲ್ಲ. ನೋಡುತ್ತಿದ್ದುದು ಚುಕ್ಕಾಣಿ ಹಿಡಿದವನ ಬೆನ್ನನ್ನು ಮಾತ್ರ.

ಮಲ್ಪೆ ಸೇರಿದ ಸ್ವಲ್ಪ ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತು. “ಅಲ್ಲೇ ಇದ್ದಿದ್ದರೆ ಆಗುತ್ತಿತ್ತು” ಎಂದು ಕೆಲವು ಮಕ್ಕಳು ಗೊಣಗಿದರು. ಯಜಮಾನ ಆ ಮಾತಿಗೆ ಉತ್ತರ ಹೇಳಲಿಲ್ಲ. ಉಳಿದ ಅರ್ಧ ಗಂಟೆಯ ಹಣವೆಂದು ಸ್ವಲ್ಪ ಹಿಂದಕ್ಕೆ ಕೊಡಲು ಬಂದ. ನಾನು ಕೈ ಮುಗಿದೆ.

ಆಮೇಲೆ ನನಗೆ ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆನಪಾಯಿತು. ಅಲ್ಲಿ ಮಂಜು ಕವಿಯುವ ಸೂಚನೆ ಕಂಡೊಡನೆ, “ಸ್ವಾಮಿ, ಕೆಳಗಿಳಿಯಿರಿ” ಎಂದು ಪರಸ್ಥಳದವರಿಗೆ ನಾವು ಹೇಳುವುದುಂಟು. ಬಿಸಿಲಿದೆಯಲ್ಲ ಎಂದು ಅವರು ವಾದಿಸಿದರೆ ನಮಗೆ ನಗು ಬರುತ್ತದೆ. ಬೆಟ್ಟದಲ್ಲಿ ನಾನು ನಕ್ಕ ಜನರ ಸಾಲಿನಲ್ಲಿ, ಮಲ್ಪೆಯಲ್ಲಿ ನಾನೇ ನಿಂತಿದ್ದೆ.

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟೇ: ಹೊರಡುವ ಮೊದಲೇ, ನೋಡಬೇಕಾದುದು ಅರ್ಧಕ್ಕೆ ನಿಂತೀತು ಎಂದು ಮಕ್ಕಳಿಗೂ ಮನೆಯವರಿಗೂ ಹೇಳಿಬಿಡಿ. ಹಾಗೆ ಹೇಳಿದ್ದರೆ ನಾನು ಅಂದು ಅರ್ಧ ಗಂಟೆಯ ಲೆಕ್ಕ ಕೇಳುತ್ತಿರಲಿಲ್ಲ. ಈಗಲೂ ಸಮುದ್ರ ವರ್ಣನೆಯ ಪಾಠ ಬರುತ್ತದೆ. ಪದ್ಯಕ್ಕೆ ಮೊದಲು, ದಡದಲ್ಲಿ ಲೆಕ್ಕ ಮಾಡುವ ಎಂದ ಆ ದೋಣಿಯವನ ಮಾತನ್ನು ಮಕ್ಕಳಿಗೆ ಹೇಳಿ, ಆಮೇಲೆ ಪುಸ್ತಕ ತೆರೆಯುತ್ತೇನೆ.