ಹೊಟ್ಟೆಯೊಳಗಿನ ಮುಗಿಯದ ಜಗಳ

ಪುಂಗೋಲ್‌ನಿಂದ ಮಾತಾಡುತ್ತಿದ್ದೇನೆ. ಮನೆಯಲ್ಲಿ ಅಪ್ಪನೋ ಅಮ್ಮನೋ ಎದೆಯ ಕೆಳಗೆ ಕೈಯಿಟ್ಟುಕೊಂಡು “ಗ್ಯಾಸ್ಟ್ರಿಕ್ಕು, ಏನಿಲ್ಲ ಬಿಡು” ಅನ್ನುವುದನ್ನು ನೀವು ಕೇಳಿಯೇ ಇರುತ್ತೀರಿ. ಖಾರ ಜಾಸ್ತಿಯಾಯಿತು, ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ ಅಂತ ಕಾರಣ ಹೇಳಿ ಒಂದು ಈನೋ ಕುಡಿಯುತ್ತಾರೆ. ಎಷ್ಟೋ ಸಲ ಅದು ಅಷ್ಟೇ ಇರಬಹುದು. ಆದರೆ ವರ್ಷಗಟ್ಟಲೆ ಮುಗಿಯದ ಹೊಟ್ಟೆ ಉರಿಯ ಹಿಂದೆ ಕೆಲವೊಮ್ಮೆ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

ಜಠರದ ಆಮ್ಲದಲ್ಲಿ ಯಾವ ಜೀವಿಯೂ ನೆಲೆಸುವುದಿಲ್ಲ ಎಂದೇ ವೈದ್ಯರು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಆಗಲೂ ಜನ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಆಮೇಲೆ ತಿರುಪಿನಂಥ ಮೈಯಿಂದ ಜಠರದ ಲೋಳೆಯೊಳಗೆ ಕೊರೆದು ಹೋಗಿ ಕೂರುತ್ತದೆ. ಒಳಗೋಡೆಯ ಜೀವಕೋಶಗಳಿಗೆ ಇದು ಗೊತ್ತಾಗಿ ಅವು ರಾಸಾಯನಿಕ ಸುದ್ದಿ ಕಳಿಸುತ್ತವೆ. ರಕ್ತದಿಂದ ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಬರುತ್ತವೆ, ನಂತರ ಮ್ಯಾಕ್ರೋಫೇಜ್, ಟಿ ಕೋಶ, ಬಿ ಕೋಶಗಳು. ಪ್ರತಿಕಾಯಗಳೂ ತಯಾರಾಗುತ್ತವೆ. ಇಷ್ಟು ದೊಡ್ಡ ದಂಡು ಬಂದರೂ ಶತ್ರು ಸಾಯುವುದಿಲ್ಲ. ಅದು ಹೆಚ್ಚಾಗಿ ಇರುವುದು ಲೋಳೆಯಲ್ಲಿ. ಅಲ್ಲಿ ದಂಡಿನ ಕೈಗೆ ಸುಲಭವಾಗಿ ಸಿಗುವುದಿಲ್ಲ. ಬೇರೆ ಬ್ಯಾಕ್ಟೀರಿಯಾಗಳ ಬಾಲದಿಂದ ದೇಹ ಅವುಗಳ ಗುರುತು ಹಿಡಿಯುತ್ತದೆ, ಇದರ ಬಾಲ ಆ ಗುರುತಿಗೆ ಸಿಗದಂತೆ ಬದಲಾಗಿದೆ. ಇದು ಬಿಡುವ ವ್ಯಾಕ್‌ಎ ಎಂಬ ಪ್ರೋಟೀನು ಟಿ ಕೋಶಗಳು ಹೆಚ್ಚದಂತೆ ತಡೆಯುತ್ತದೆ. ಜೊತೆಗೆ ಜಗಳ ಮಿತಿಮೀರದಂತೆ ನೋಡಿಕೊಳ್ಳುವ ನಿಯಂತ್ರಕ ಟಿ ಕೋಶಗಳು ನಮ್ಮಲ್ಲೇ ಇವೆ. ಅವು ಸಮಾಧಾನ ಮಾಡಿದಷ್ಟೂ ಇದಕ್ಕೆ ಅನುಕೂಲ.

ಹೀಗೆ ಬಾಲ್ಯದಲ್ಲಿ, ಬಹಳ ಸಲ ಮನೆಯವರಿಂದಲೇ ಅಂಟಿದ್ದು ಔಷಧಿ ಕೊಡದಿದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಶತ್ರುವಿಗೆಂದು ಬಿಟ್ಟ ವಿಷ ನಮ್ಮ ಗೋಡೆಗೂ ತಾಗುತ್ತದೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಹುಣ್ಣು, ಇನ್ನೂ ಕೆಲವೇ ಮಂದಿಗೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್.

ಕನ್ನಡ ಓದಿದವಳಾಗಿ ನನ್ನದೊಂದು ತಕರಾರು. ನಾವು ‘ರೋಗನಿರೋಧಕ ಶಕ್ತಿ’ ಅನ್ನುತ್ತೇವೆ. ಶಕ್ತಿ ಎಂದಕೂಡಲೇ ಜಾಸ್ತಿಯಾದಷ್ಟೂ ಒಳ್ಳೆಯದು, ಕಷಾಯ ಕುಡಿದು ಹೆಚ್ಚಿಸಿಕೊಳ್ಳೋಣ ಅನಿಸುತ್ತದೆ. ಈ ಕಾಯಿಲೆಯಲ್ಲಿ ಅದು ತಲೆಕೆಳಗು. ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಜೀನಿನ ಕೆಲವು ರೂಪಗಳಿದ್ದವರಲ್ಲಿ ಜಠರದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು 2000ನೇ ಇಸವಿಯಲ್ಲಿ ಒಂದು ಅಧ್ಯಯನ ತೋರಿಸಿತು. ‘ವ್ಯವಸ್ಥೆ’ ಅನ್ನುವುದೇ ಸರಿಯಾದ ಪದ ಎಂದು ನನಗೆ ತೋರುತ್ತದೆ.

ನಮ್ಮ ಸಿಂಗಪುರದಲ್ಲೇ, ಪಕ್ಕದ ಮಲೇಷ್ಯಾದಲ್ಲೂ, ಇದರದೊಂದು ಒಗಟಿದೆ. ಭಾರತೀಯರಲ್ಲಿ ಈ ಸೋಂಕು ಚೀನೀಯರಿಗಿಂತ ಕಡಿಮೆಯೇನಲ್ಲ, ಆದರೆ ಜಠರದ ಕ್ಯಾನ್ಸರು ಚೀನೀಯರಲ್ಲೇ ಬಹಳ ಹೆಚ್ಚು. ಮಲಯರಲ್ಲಿ ಸೋಂಕೇ ಕಡಿಮೆ. ಇದಕ್ಕೆ ‘ಭಾರತೀಯರ ಒಗಟು’ ಎಂದೇ ಹೆಸರು. ಬ್ಯಾಕ್ಟೀರಿಯಾದ ತಳಿ, ಊಟ, ದೇಹ ಪ್ರತಿಕ್ರಿಯಿಸುವ ರೀತಿ, ಎಲ್ಲವನ್ನೂ ಕಾರಣವಾಗಿ ಹೇಳುತ್ತಾರೆ. ಅರಿಶಿನದಿಂದಲೇ ಅಂತ ವಾಟ್ಸಾಪ್‌ನಲ್ಲಿ ಬಂದರೆ ಮುಂದೆ ಕಳಿಸಬೇಡಿ. ನಮ್ಮವರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದೂ ತಿಳಿಯಬೇಡಿ. ಹುಣ್ಣಂತೂ ಯಾರನ್ನೂ ಬಿಟ್ಟಿಲ್ಲ.

ಅಪ್ಪ ಅಮ್ಮನ ಜೊತೆ ಪಾಲಿಕ್ಲಿನಿಕ್ಕಿಗೆ ನೀವು ಹೋದರೆ, “ಗ್ಯಾಸ್ಟ್ರಿಕ್” ಎಂಬ ಒಂದೇ ಮಾತಿಗೆ ನಿಲ್ಲಿಸದೆ ಎಷ್ಟು ವರ್ಷದಿಂದ, ಯಾವ ಮಾತ್ರೆ ಎಂದು ಬಿಡಿಸಿ ಹೇಳಿ. ಮಲ ಕಪ್ಪಗಿದ್ದರೆ, ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ ತಡಮಾಡಬೇಡಿ. ಪರೀಕ್ಷೆ ಸುಲಭ: ಯೂರಿಯಾ ಕುಡಿದು ಉಸಿರು ಊದುವುದು. ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ಅದಕ್ಕೆ ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ವೈದ್ಯರನ್ನು ಕೇಳಿಯೇ ನಿಲ್ಲಿಸಿ. ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಔಷಧಿ ಆ್ಯಂಟಿಬಯಾಟಿಕ್ ಸಹಿತ ಸುಮಾರು 14 ದಿನ ಇರುತ್ತದೆ, ಅರ್ಧಕ್ಕೆ ಬಿಡಿಸಬೇಡಿ. ಮುಗಿದು ನಾಲ್ಕು ವಾರವಾದರೂ ಆದ ಮೇಲೆ ಮತ್ತೆ ಊದಿಸಿ ನೋಡುತ್ತಾರೆ. ರಕ್ತಪರೀಕ್ಷೆ ಇದಕ್ಕೆ ಸಾಲದು, ಯಾಕೆಂದರೆ ಬ್ಯಾಕ್ಟೀರಿಯಾ ಹೋದ ಮೇಲೂ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತದಲ್ಲಿ ಉಳಿದಿರುತ್ತವೆ.