ಮಾರ್ಕು ಹಾಕೋರು ಯಾರು?



ಸಂಗೀತದ ದೊಡ್ಡ ಪ್ರಶಸ್ತಿಗಳು ಯಾರ ಪಾಲಾಗುತ್ತವೆ ಎಂದು ಮುಂಚಿತವಾಗಿ ಹೇಳಬಹುದೇ ಎನ್ನುವುದು ಇವತ್ತಿನ ಸಂಕಿರಣದ ವಿಷಯ. ಆಶಯ ಭಾಷಣ ಮಾಡುತ್ತೀನಿ ಅಂದಾಗ ಮನೆಯಲ್ಲಿ ನಕ್ಕರು. ‘ಅದಕ್ಕೆ ದಿನವಿಡೀ ಕೂರಬೇಕಾ, ಜೋಯಿಸರನ್ನು ಕರೆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಲ್ಲ’ ಎಂದರು. ನಾನು ಜೋಯಿಸನಲ್ಲ, ಅಂಕಿಸಂಖ್ಯೆಯ ಮೇಷ್ಟ್ರು. ಸಂಗೀತದ ಮಟ್ಟಿಗೆ ಬರೀ ಕೇಳುಗ. ಆದರೂ ಒಪ್ಪಿಕೊಂಡಿದ್ದಕ್ಕೆ ಕಾರಣ ಇದೇ ಬೆಂಗಳೂರಿನ ಸಿದ್ದಾಪುರದಲ್ಲಿದೆ.

ಬಹಳ ವರ್ಷದ ಹಿಂದಿನ ಮಾತು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗ್ ಸಿದ್ಧವಾಗುತ್ತಿದ್ದ ದಿನಗಳು. ಇಲ್ಲೇ ಒಂದು ನರ್ಸರಿಗೆ ಗುಲಾಬಿ ಗಿಡ ಕೊಳ್ಳಲು ಹೋಗಿದ್ದೆ. ಕುಂಡದ ಮಣ್ಣನ್ನು ಬೆರಳಿನಿಂದ ಒತ್ತುತ್ತಾ ಕೂತಿದ್ದ ಮುದುಕರೊಬ್ಬರು ಪ್ರತಿ ವರ್ಷ ಸ್ಪರ್ಧೆಗೆ ಗಿಡ ಇಡುವವರಂತೆ. ‘ಯಜಮಾನ್ರೇ, ಈ ಸಲ ಯಾವ ಹೂವಿಗೆ ಪ್ರೈಜು?’ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. ‘ಹೂವ ಆಮೇಲೆ ನೋಡಾಣ ಸ್ವಾಮಿ. ಮಾರ್ಕು ಹಾಕೋರು ಯಾರು ಅಂತ ಮೊದ್ಲು ಹೇಳಿ’ ಎಂದರು. ನಾನು ಮೂವತ್ತು ವರ್ಷ ಪಾಠ ಮಾಡಿದ ಮಾದರಿ ಸಮೀಕ್ಷೆಯ ತಿರುಳು ಆ ಒಂದು ಮಾತಿನಲ್ಲಿತ್ತು. ಅವತ್ತು ನನಗದು ಹೊಳೆಯಲಿಲ್ಲ, ಗಿಡ ತಗೊಂಡು ಬಂದೆ. ಹೊಳೆದದ್ದು ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ಭವಿಷ್ಯ ಹೇಳಲು ಹೋಗಿ ಕೈ ಸುಟ್ಟುಕೊಂಡ ಮೇಲೆ.

ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇವತ್ತಿನ ಗೋಷ್ಠಿಗಳಿಗೆಲ್ಲ ಅದೇ ಕಚ್ಚಾ ಸಾಮಗ್ರಿ.

2025ರ ಫೆಬ್ರುವರಿ 2. ಲಾಸ್ ಏಂಜಲೀಸ್‌ನಲ್ಲಿ ಭಾನುವಾರದ ಮಧ್ಯಾಹ್ನ, ನಮಗೆ ಸೋಮವಾರದ ಸರಿರಾತ್ರಿ ಕಳೆದ ಹೊತ್ತು. ಟಿವಿಯಲ್ಲಿ ಬರುವ ಗ್ರ್ಯಾಮಿಯ ಝಗಮಗದ ಸಮಾರಂಭ ಆಮೇಲಿನದು. ತೊಂಬತ್ತಕ್ಕೂ ಮಿಕ್ಕ ವಿಭಾಗಗಳಿದ್ದು, ಬಹುಪಾಲನ್ನು ಅದಕ್ಕೂ ಮುಂಚಿನ ಸಭೆಯಲ್ಲೇ ಹಂಚಿ ಮುಗಿಸುತ್ತಾರೆ. ನಮ್ಮವರ ಹೆಸರು ಕೇಳಿಬರುವುದು ಹೆಚ್ಚಾಗಿ ಅಲ್ಲೇ. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ, ಮನೆಯವರ ನಿದ್ದೆ ಕೆಡದ ಹಾಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ಒಂದು ಚೀಟಿ. ಅದರಲ್ಲಿ ನ್ಯೂ ಏಜ್, ಆಂಬಿಯೆಂಟ್, ಚಾಂಟ್ ಎಂಬ ವಿಭಾಗದ ಐದು ಹೆಸರು: ನಮ್ಮ ಬೆಂಗಳೂರಿನ ರಿಕ್ಕಿ ಕೇಜ್, ಅನೌಷ್ಕಾ ಶಂಕರ್, ರಾಧಿಕಾ ವೇಕರಿಯಾ, ‘ತ್ರಿವೇಣಿ’ ಎಂಬ ಆಲ್ಬಮ್ಮಿನ ಚಂದ್ರಿಕಾ ಟಂಡನ್ ಮತ್ತು ಸಂಗಡಿಗರು, ಕೊನೆಗೆ ಜಪಾನಿನ ರ್ಯುಯಿಚಿ ಸಕಾಮೊಟೊ. ಐದರಲ್ಲಿ ನಾಲ್ಕು ಕಡೆ ಭಾರತದ ಬೇರು.

ನನ್ನ ಲೆಕ್ಕ ಹೀಗಿತ್ತು. ಸಕಾಮೊಟೊ ಜಗತ್ತು ಬಲ್ಲ ಹೆಸರು, ‘ದಿ ಲಾಸ್ಟ್ ಎಂಪರರ್’ ಚಿತ್ರದ ಸಂಗೀತಕ್ಕೆ ಆಸ್ಕರ್ ಹಂಚಿಕೊಂಡವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ‘ಓಪಸ್’ ಅವರು ಕಾಯಿಲೆಯ ನಡುವೆ ಒಬ್ಬರೇ ಕೂತು ನುಡಿಸಿದ ಪಿಯಾನೊ. ಮತದಾರರ ಮನಸ್ಸು ಕರಗದೆ ಇರುತ್ತದೆಯೇ? ಜೊತೆಗೆ, ಭಾರತದ ಕಡೆಗೆ ಒಲವಿರುವ ಮತಗಳು ನಾಲ್ಕು ದಿಕ್ಕಿಗೆ ಚದುರುತ್ತವೆ. ಹಾಗಾಗಿ ಸಕಾಮೊಟೊಗೆ ನೂರಕ್ಕೆ 50 ಕೊಟ್ಟೆ. ಕೇಜ್, ಅನೌಷ್ಕಾ, ತ್ರಿವೇಣಿ, ಮೂವರಿಗೂ ತಲಾ 15. ವೇಕರಿಯಾಗೆ 5.

ಗೆದ್ದದ್ದು ತ್ರಿವೇಣಿ.

ತಪ್ಪಾಯಿತು ಎಂದು ಚೀಟಿ ಹರಿದು ಮಲಗಬಹುದಿತ್ತು. ಆದರೆ ತಪ್ಪು ಎಷ್ಟು ದೊಡ್ಡದು ಎಂದು ಅಳೆಯಲು ಒಂದು ಮಾಪನವಿದೆ. ಅದನ್ನು ಕೊಟ್ಟದ್ದು ಸಂಗೀತಗಾರರಲ್ಲ, ಹವಾಮಾನದವರು. ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ, ‘ಮಳೆ ಬರುವ ಸಾಧ್ಯತೆ ಶೇಕಡಾ ಇಷ್ಟು’ ಎನ್ನುವವರ ಮಾತನ್ನು ತೂಗಲು ಮಾಡಿದ ಲೆಕ್ಕ. ಗೆದ್ದವರನ್ನು ಒಂದು ಎಂದೂ ಸೋತವರನ್ನು ಸೊನ್ನೆ ಎಂದೂ ಇಟ್ಟುಕೊಳ್ಳಿ. ನೀವು ಕೊಟ್ಟ ಅಂಕ ಅದರಿಂದ ಎಷ್ಟು ದೂರವಿದೆಯೋ ಅದರ ವರ್ಗ ತೆಗೆದು ಕೂಡಿ. ಮೊತ್ತ ಕಡಿಮೆಯಾದಷ್ಟೂ ನೀವು ಜಾಣರು. ಸಕಾಮೊಟೊಗೆ ಕೊಟ್ಟ 0.50ರಿಂದ 0.25 ದಂಡ ಬಿತ್ತು. ತ್ರಿವೇಣಿಗೆ ಕೊಡದೆ ಉಳಿಸಿಕೊಂಡ 0.85ರ ವರ್ಗ 0.7225. ಉಳಿದ ಚಿಲ್ಲರೆ ಸೇರಿ ಒಟ್ಟು 1.02. ಏನೂ ಗೊತ್ತಿಲ್ಲದ ಒಬ್ಬ ಹುಡುಗ ಐವರಿಗೂ ಸಮನಾಗಿ ತಲಾ 20 ಕೊಟ್ಟಿದ್ದರೆ ಅವನ ದಂಡ 0.80. ಅಂದರೆ ನಾಲ್ಕು ದಶಕ ಸಂಗೀತ ಕೇಳಿ, ಆಲ್ಬಮ್ಮುಗಳನ್ನು ಹುಡುಕಿ ಹುಡುಕಿ ಆಲಿಸಿ, ನಾನು ಗಳಿಸಿದ ಜ್ಞಾನ ಅಜ್ಞಾನಕ್ಕಿಂತ ಕಡೆಯಾಗಿತ್ತು!

ಎಲ್ಲಿ ಎಡವಿದೆ? ಹೂವನ್ನು ನೋಡಿದೆ. ಮಾರ್ಕು ಹಾಕುವವರನ್ನು ನೋಡಲಿಲ್ಲ.

ಗ್ರ್ಯಾಮಿಯಲ್ಲಿ ಮಾರ್ಕು ಹಾಕುವವರು ವಿಮರ್ಶಕರಲ್ಲ, ಅಭಿಮಾನಿಗಳೂ ಅಲ್ಲ. ಅದನ್ನು ಕೊಡುವ ರೆಕಾರ್ಡಿಂಗ್ ಅಕಾಡೆಮಿಯ ಮತದಾರ ಸದಸ್ಯರು. 2025ರ ಪ್ರಶಸ್ತಿಯ ಹೊತ್ತಿಗೆ ಸುಮಾರು 13,000 ಮಂದಿ ಇದ್ದರು. ಹಾಡುವವರು, ನುಡಿಸುವವರು, ಬರೆಯುವವರು, ಧ್ವನಿಮುದ್ರಣದ ಎಂಜಿನಿಯರುಗಳು. ಎರಡು ಸುತ್ತು ಮತದಾನ. ಮುಖ್ಯ ಪ್ರಶಸ್ತಿಗಳಿಗೆ ಎಲ್ಲರೂ ಮತ ಹಾಕಬಹುದು, ಮಿಕ್ಕಂತೆ ಒಬ್ಬರಿಗೆ ಹತ್ತು ವಿಭಾಗಗಳ ಮಿತಿ. ಹಾಗಾಗಿ ನ್ಯೂ ಏಜ್‌ನಂಥ ಸಣ್ಣ ವಿಭಾಗಕ್ಕೆ ಅಷ್ಟೂ ಮಂದಿ ಬರುವುದಿಲ್ಲ. ಬರುವವರು ಎಷ್ಟು ಜನ, ಯಾರಿಗೆ ಎಷ್ಟು ಮತ ಬಿತ್ತು ಎನ್ನುವುದನ್ನು ಅಕಾಡೆಮಿ ಬಾಯಿಬಿಡುವುದಿಲ್ಲ. ಐವರು ಕಣದಲ್ಲಿದ್ದರೆ, ಮತಗಳು ಚೆನ್ನಾಗಿ ಚದುರಿದಾಗ, ನೂರಕ್ಕೆ 21 ಮತ ಪಡೆದವರೂ ಗೆಲ್ಲಬಹುದು. ಇಂಥ ಕಣದಲ್ಲಿ ಮತದಾರನಿಗೆ ಮೊದಲೇ ಪರಿಚಿತವಾದ ಒಂದು ಹೆಸರು ಎಷ್ಟು ತೂಗುತ್ತದೆ, ಯೋಚಿಸಿ.

ಆ ಕಣ್ಣಿನಿಂದ ಹಿಂದಕ್ಕೆ ನೋಡುತ್ತಾ ಹೋದೆ. ರವಿಶಂಕರ್ ಮೊದಲ ಸಲ ಗೆದ್ದದ್ದು ಪಾಶ್ಚಾತ್ಯ ಪಿಟೀಲುಗಾರ ಯೆಹೂದಿ ಮೆನುಹಿನ್ ಜೊತೆ. ವಿಶ್ವಮೋಹನ ಭಟ್ 1994ರಲ್ಲಿ ಗೆದ್ದದ್ದು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ. ರಿಕ್ಕಿ ಕೇಜ್ ಇದೇ ಊರಿನಲ್ಲಿ ದಂತವೈದ್ಯಕೀಯ ಓದಿ, ಹಲ್ಲು ಬಿಟ್ಟು ಹಾಡು ಹಿಡಿದವರು. 2015ರಲ್ಲಿ ‘ವಿಂಡ್ಸ್ ಆಫ್ ಸಂಸಾರ’ಕ್ಕೆ ಗೆದ್ದಾಗ ಪಕ್ಕದಲ್ಲಿದ್ದವರು ದಕ್ಷಿಣ ಆಫ್ರಿಕಾದ ಕೊಳಲುಗಾರ ವೌಟರ್ ಕೆಲ್ಲರ್‌ಮನ್. 2022ರಲ್ಲಿ ‘ಡಿವೈನ್ ಟೈಡ್ಸ್’ಗೆ ಗೆದ್ದಾಗ ಪಕ್ಕದಲ್ಲಿದ್ದವರು ‘ದಿ ಪೊಲೀಸ್’ ತಂಡದ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್, ಆ ಹೊತ್ತಿಗಾಗಲೇ ಗ್ರ್ಯಾಮಿ ಮನೆಯಲ್ಲಿಟ್ಟುಕೊಂಡವರು. ಅದೇ ಆಲ್ಬಮ್ಮನ್ನು ಸುತ್ತುವರಿ ಧ್ವನಿಗೆ ಮತ್ತೆ ಮಿಶ್ರಣ ಮಾಡಿ 2023ರಲ್ಲಿ ಇನ್ನೊಂದು ವಿಭಾಗದಲ್ಲೂ ಗೆದ್ದರು. ನಮ್ಮ ಕಡೆ ಇದನ್ನು ಒಂದೇ ಹಿಟ್ಟಿನಲ್ಲಿ ದೋಸೆ, ಇಡ್ಲಿ ಎರಡೂ ಅನ್ನುತ್ತಾರೆ. ನಿಯಮದಲ್ಲಿ ಅವಕಾಶ ಇತ್ತು, ಬಳಸಿಕೊಂಡರು, ತಪ್ಪೇನಿಲ್ಲ. ಇನ್ನು 2025ರ ತ್ರಿವೇಣಿಯ ಮೂವರಲ್ಲಿ ಚಂದ್ರಿಕಾ ಟಂಡನ್ ಒಬ್ಬರು, ಎರು ಮತ್ಸುಮೋಟೊ ಒಬ್ಬರು. ಮೂರನೆಯವರು ಯಾರು ಗೊತ್ತೇ? ಅದೇ ಕೆಲ್ಲರ್‌ಮನ್. ಹತ್ತು ವರ್ಷದ ಹಿಂದೆ ಕೇಜ್ ಜೊತೆ ಗೆದ್ದವರು, ನಡುವೆ 2023ರಲ್ಲೂ ಒಂದು ಗೆದ್ದವರು. ನನ್ನ ಚೀಟಿಯಲ್ಲಿ ಅವರ ಹೆಸರನ್ನು ನಾನು ಬರೆದುಕೊಂಡಿರಲೇ ಇಲ್ಲ, ‘ಮತ್ತು ಸಂಗಡಿಗರು’ ಎಂದು ಮುಗಿಸಿದ್ದೆ.

ಹಾಗಾದರೆ ಪರಿಚಿತ ಹೆಸರು ಪಕ್ಕದಲ್ಲಿದ್ದರೆ ಗೆಲುವು ಎಂಬ ಸೂತ್ರ ಸಿಕ್ಕಿತು ಎಂದು ಯಾರೂ ಬೀಗಬೇಡಿ. ಅದೇ ರಾತ್ರಿ ಜಾಗತಿಕ ಸಂಗೀತ ಪ್ರದರ್ಶನದ ವಿಭಾಗದಲ್ಲಿ ‘ಎ ರಾಕ್ ಸಮ್‌ವೇರ್’ ಇತ್ತು. ಹಾಡಿದವರು ನಮ್ಮ ವಾರಿಜಶ್ರೀ ವೇಣುಗೋಪಾಲ್. ಕೊಳಲಿನ ಎಚ್.ಎಸ್. ವೇಣುಗೋಪಾಲ್ ಅವರ ಮಗಳು, ಮಾತು ಕಲಿಯುವ ವಯಸ್ಸಿನಲ್ಲೇ ರಾಗ ಗುರುತಿಸಿ ಈ ಊರನ್ನು ಬೆರಗುಗೊಳಿಸಿದ ಮಗು. ಜೊತೆಗಿದ್ದವರು ಹಲವು ಗ್ರ್ಯಾಮಿ ಗೆದ್ದ ಜೇಕಬ್ ಕಾಲಿಯರ್, ಮತ್ತೆ ಅನೌಷ್ಕಾ ಶಂಕರ್. ನನ್ನ ಸೂತ್ರದ ಪ್ರಕಾರ ಗೆಲ್ಲಬೇಕಿತ್ತು. ಪ್ರಶಸ್ತಿ ಶೀಲಾ ಇ., ಗ್ಲೋರಿಯಾ ಎಸ್ಟೆಫಾನ್, ಮಿಮಿ ಸುಕ್ಕಾರ್ ಅವರ ಹಾಡಿಗೆ ಹೋಯಿತು. ಅಮೆರಿಕದ ಮತದಾರರಿಗೆ ಎಸ್ಟೆಫಾನ್ ನಮ್ಮಲ್ಲಿ ಎಸ್. ಜಾನಕಿ ಇದ್ದ ಹಾಗೆ. ನೋಡಿ, ಗೆದ್ದ ಮೇಲೆ ಕಾರಣ ಹೆಣೆಯುವುದು ಎಷ್ಟು ಸಲೀಸು! ಆ ಚಪಲವೇ ಈ ಕ್ಷೇತ್ರದ ದೊಡ್ಡ ರೋಗ. ಇವತ್ತು ಮಧ್ಯಾಹ್ನದ ಗೋಷ್ಠಿಯಲ್ಲಿ ಯಾರಾದರೂ ‘ನನಗೆ ಮೊದಲೇ ಗೊತ್ತಿತ್ತು’ ಎಂದರೆ, ತಾರೀಖು ಹಾಕಿದ ಚೀಟಿ ತೋರಿಸಿ ಎಂದು ಸಭೆ ಕೇಳಬೇಕು.

ಎಲ್ಲರಿಗೂ ಮೊದಲೇ ಗೊತ್ತಿದ್ದದ್ದೂ ಸುಳ್ಳಾಗುವುದುಂಟು. 1989ರಲ್ಲಿ ಹಾರ್ಡ್ ರಾಕ್, ಮೆಟಲ್ ಎಂದು ಗ್ರ್ಯಾಮಿಯಲ್ಲಿ ಹೊಸ ವಿಭಾಗ ತೆರೆದಾಗ ಮೆಟಲ್ ತಂಡ ಮೆಟಾಲಿಕಾ ಗೆಲ್ಲುತ್ತದೆಂದು ಲೋಕವೇ ಹೇಳಿತ್ತು. ಗೆದ್ದದ್ದು ಕೊಳಲು ಊದುವ ನಾಯಕನಿದ್ದ ಜೆಥ್ರೊ ಟಲ್. ಆ ತಂಡದವರೂ ಗೆಲ್ಲುವುದಿಲ್ಲವೆಂದುಕೊಂಡು ಸಮಾರಂಭಕ್ಕೆ ಹೋಗಿರಲಿಲ್ಲ. ಹೊಸ ಸಂಗೀತಕ್ಕೆ ಮಾರ್ಕು ಹಾಕಿದವರು ಹಳೆಯ ಮತದಾರರೇ ಆಗಿದ್ದರು.

ಇದು ಮತಪೆಟ್ಟಿಗೆಯ ಕಥೆ. ತೀರ್ಪುಗಾರರ ಕೋಣೆಯದು ಬೇರೆಯೇ ಜಾತಕ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನೇ ತೆಗೆದುಕೊಳ್ಳಿ. ಮೊದಲೇ ಪ್ರಕಟಿಸುವ ಐದು ಹೆಸರಿನ ಪಟ್ಟಿ ಇಲ್ಲ. ಸಮಿತಿಯ ಸದಸ್ಯರು ಬದಲಾಗುತ್ತಲೇ ಇರುತ್ತಾರೆ. ಬೆರಳೆಣಿಕೆಯ ಜನ ಒಂದು ಕೋಣೆಯಲ್ಲಿ ಕೂತು ಮಾತಾಡಿ ತೀರ್ಮಾನಿಸುತ್ತಾರೆ. ಸಾವಿರಾರು ಜನರ ಅಭಿರುಚಿಗೆ ಒಂದು ಸರಾಸರಿ ಇರುತ್ತದೆ. ಹತ್ತು ಜನರದಕ್ಕೆ ಇರುವುದಿಲ್ಲ. ಅಲ್ಲಿ ಒಬ್ಬರು ಗಟ್ಟಿಯಾಗಿ ವಾದಿಸಿದರೆ ಗಾಳಿ ತಿರುಗಿತು.

ಕನ್ನಡದ ಹಾಡುಗಳಿಗೆ ಹಿನ್ನೆಲೆ ಗಾಯನದಲ್ಲಿ ಬಂದ ರಾಷ್ಟ್ರ ಪ್ರಶಸ್ತಿಗಳಲ್ಲಿ ನನಗೆ ತಟ್ಟನೆ ನೆನಪಾಗುವುದು ಐದು. ‘ಹಂಸಗೀತೆ’ಗೆ ಬಾಲಮುರಳಿಕೃಷ್ಣ, ‘ಕಾಡು ಕುದುರೆ’ಗೆ ಶಿವಮೊಗ್ಗ ಸುಬ್ಬಣ್ಣ, ‘ಜೀವನ ಚೈತ್ರ’ಕ್ಕೆ ರಾಜ್‌ಕುಮಾರ್, ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ‘ನಾತಿಚರಾಮಿ’ಗೆ ಬಿಂದುಮಾಲಿನಿ. ಬಾಲಮುರಳಿಯವರ ವಿಷಯದಲ್ಲಿ ಪಣ ಕಟ್ಟಬಹುದಿತ್ತು. ಎಸ್ಪಿಬಿಯವರದೂ ಅಷ್ಟೇ, ಆ ಹೊತ್ತಿಗೆ ಅವರು ಬೇರೆ ಭಾಷೆಗಳಲ್ಲಿ ಅದನ್ನು ಗೆದ್ದು ಕೂತಿದ್ದರು. ರಾಜ್ ಅವರ ತೋಡಿಯನ್ನು ಕೇಳಿದವರೆಲ್ಲ ಬರಬೇಕು ಎಂದರು. ಬರುತ್ತದೆ ಎಂದವರು ಎಷ್ಟು ಮಂದಿ? ‘ಬರಬೇಕು’ ಬೇರೆ, ‘ಬರುತ್ತದೆ’ ಬೇರೆ. ನನ್ನ ವಿದ್ಯಾರ್ಥಿಗಳು ಇವೆರಡನ್ನೂ ಕಲಸಿಕೊಂಡೇ ಪರೀಕ್ಷೆಗೆ ಕೂರುತ್ತಾರೆ.

ಆದರೆ ಸುಬ್ಬಣ್ಣನವರು! 1978ರ ಚಿತ್ರ. ನಿರ್ದೇಶನ, ಹಾಡು ಎರಡೂ ಚಂದ್ರಶೇಖರ ಕಂಬಾರರದು. ಹಾಡಿದವರು ಸಿನಿಮಾದವರಲ್ಲ, ಕಪ್ಪು ಕೋಟು ಹಾಕುವ ವಕೀಲರು, ಸುಗಮ ಸಂಗೀತದ ವೇದಿಕೆಯವರು. ದೇಶದ ಎಲ್ಲ ಭಾಷೆಗಳ ಘಟಾನುಘಟಿ ಹಿನ್ನೆಲೆ ಗಾಯಕರು ಇದ್ದ ಕಾಲ ಅದು. ನಮ್ಮ ರೇಸ್ ಕೋರ್ಸಿನ ಯಾವ ಬುಕ್ಕಿಯೂ ಆ ಕುದುರೆಯ ಮೇಲೆ ನಾಲ್ಕಾಣೆ ಕಟ್ಟುತ್ತಿರಲಿಲ್ಲ. ದೆಹಲಿಯ ಆ ಕೋಣೆಯಲ್ಲಿ ಕೂತವರ ಕಿವಿಗೆ ಆ ದನಿ ಬಿತ್ತು, ರಜತ ಕಮಲ ಶಿವಮೊಗ್ಗಕ್ಕೆ ಬಂತು. ಯಾವ ಮಾದರಿಯಿಂದಲೂ ಅದನ್ನು ಮೊದಲೇ ಹೇಳಲಾಗುತ್ತಿರಲಿಲ್ಲ, ಹೇಳಲಾಗದ್ದಕ್ಕೆ ನನಗೆ ಖುಷಿಯೇ ಇದೆ. ಸಂಖ್ಯಾಶಾಸ್ತ್ರದವನ ಬಾಯಲ್ಲಿ ಇದು ಬರಬಾರದ ಮಾತು, ದಾಖಲೆಯಿಂದ ತೆಗೆಯುವುದಾದರೆ ತೆಗೆಯಿರಿ.

ರಾಜ್ಯೋತ್ಸವ ಪ್ರಶಸ್ತಿಯ ಬಗ್ಗೆಯೂ ಮಾತಾಡಿ ಎಂದು ಸಂಘಟಕರು ಚೀಟಿ ಕಳಿಸಿದ್ದಾರೆ. ಅಕ್ಟೋಬರ್ ಕೊನೆಯ ವಾರ ಊರಿನಲ್ಲಿ ಸಂಗೀತಗಾರರ ಫೋನುಗಳು ಹೇಗೆ ಬಡಿದುಕೊಳ್ಳುತ್ತವೆ ಎಂದು ಸಭೆಯಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಮುಂದಕ್ಕೆ ಹೋಗೋಣ.

ಹೀಗಾಗಿ ಈ ಸಂಕಿರಣದಿಂದ ನನ್ನ ಅಪೇಕ್ಷೆ ಇಷ್ಟು. ಇಲ್ಲಿ ಮಂಡನೆಯಾಗುವ ಪ್ರಬಂಧಗಳು ಹಾಡಿನ ಶ್ರುತಿ, ಲಯ, ಯೂಟ್ಯೂಬ್ ಎಣಿಕೆಗಳನ್ನು ಕಂಪ್ಯೂಟರಿಗೆ ಉಣಿಸಿ ಗೆಲ್ಲುವವರನ್ನು ಹುಡುಕುವುದರಲ್ಲೇ ನಿಲ್ಲಬಾರದು. ತೀರ್ಪು ಕೊಡುವವರು ಎಷ್ಟು ಜನ, ಎಲ್ಲಿಯವರು, ಯಾವ ವಯಸ್ಸಿನವರು, ಏನು ಕೇಳಿ ಬೆಳೆದವರು ಎನ್ನುವುದರಿಂದ ಶುರುವಾಗಲಿ. 2020ರಲ್ಲಿ ಗ್ರ್ಯಾಮಿಯವರು ‘ವರ್ಲ್ಡ್ ಮ್ಯೂಸಿಕ್’ ಎಂಬ ಹೆಸರನ್ನು ಕೈಬಿಟ್ಟು ‘ಗ್ಲೋಬಲ್’ ಎಂದರು. 2021ರಲ್ಲಿ ನಾಮನಿರ್ದೇಶನಗಳನ್ನು ಸೋಸುತ್ತಿದ್ದ ಗುಪ್ತ ಸಮಿತಿಗಳನ್ನೇ ತೆಗೆದುಹಾಕಿದರು. ಇಂಥ ಒಂದು ನಿಯಮ ಬದಲಾದರೆ ಹತ್ತು ವರ್ಷದ ದತ್ತಾಂಶ ರದ್ದಿಯಾಗುತ್ತದೆ. ನಿಯಮಾವಳಿಯನ್ನು ಓದದೆ ಭವಿಷ್ಯ ಹೇಳಿದ ಪ್ರಬಂಧಕ್ಕೆ ಅಧ್ಯಕ್ಷರು ಮುಲಾಜಿಲ್ಲದೆ ಗಂಟೆ ಬಾರಿಸಲಿ.

ಕೊನೆಯದಾಗಿ ಒಂದು ಕೆಲಸ. ನಿಮ್ಮ ಕುರ್ಚಿಯ ಮೇಲೆ ಒಂದು ಹಳದಿ ಚೀಟಿ ಇದೆ. ಮುಂದಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿಯ ಗೌರವ ಯಾವ ಭಾಷೆಯ ಹಾಡಿಗೆ ಬರುತ್ತದೆ? ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ, ಇತರೆ ಎಂದು ಆರು ಮನೆಗಳಿವೆ. ನೂರು ಅಂಕಗಳನ್ನು ಅವುಗಳಿಗೆ ಹಂಚಿ. ಅಭಿಮಾನಕ್ಕೆಂದು ಕನ್ನಡಕ್ಕೆ ನೂರೂ ಕೊಟ್ಟರೆ ಏನಾಗುತ್ತದೆ ಎಂದು ಬ್ರಯರ್ ಲೆಕ್ಕ ಆಗಲೇ ತೋರಿಸಿದೆ. ಹೆಸರು ಬರೆದು, ತಾರೀಖು ಹಾಕಿ, ಕಾಫಿಗೆ ಹೋಗುವ ಮುಂಚೆ ಬಾಗಿಲ ಬಳಿಯ ಡಬ್ಬಿಗೆ ಹಾಕಿ. ತಾರೀಖು ಇಲ್ಲದ ಚೀಟಿಯನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.